ಹುಲ್ಲಿಗೆ ನಡುಮಧ್ಯಾಹ್ನದ ಸ್ನಾನ!

ಮಧ್ಯಾಹ್ನ ಒಂದು ಗಂಟೆ. ಕೋಲಾರದ ಬಿಸಿಲಿಗೆ ನೆತ್ತಿ ಕಾಯುವ ಹೊತ್ತು. ಹೆದ್ದಾರಿ ಬದಿಯ ಕಲ್ಯಾಣ ಮಂಟಪ, ರೆಸಾರ್ಟು, ಕಾರ್ಖಾನೆಗಳ ಮುಂದೆ ಬಸ್ಸಿನ ಕಿಟಕಿಯಿಂದ ಕಾಣುವುದೇನು? ಹಸಿರು ಹುಲ್ಲಿನ ಮೇಲೆ ಗಿರಗಿರ ತಿರುಗುವ ನೀರಿನ ಕಾರಂಜಿ. ಒಂದಷ್ಟು ಗಾಳಿಗೆ, ಒಂದಷ್ಟು ಡಾಂಬರಿಗೆ, ಉಳಿದದ್ದು ಹುಲ್ಲಿಗೆ. ಅದೇ ಬಸ್ಸು ನಾಲ್ಕು ಸ್ಟಾಪು ದಾಟಿದರೆ ಟ್ಯಾಂಕರಿಗೆ ಕಾದು ಕೂತ ಬಿಂದಿಗೆಗಳ ಸಾಲು!

ಹುಲ್ಲು ಬೇಡವೆಂದು ಯಾರೂ ಹೇಳುತ್ತಿಲ್ಲ. ಅಂಗಳ ಚೆನ್ನಾಗಿದ್ದರೆ ಗಿರಾಕಿ ಬರುತ್ತಾನೆ, ವ್ಯಾಪಾರವೂ ಆಗುತ್ತದೆ. ಪ್ರಶ್ನೆ ಇಷ್ಟೇ: ಎಷ್ಟು ನೀರು? ಯಾವ ಹೊತ್ತಿನಲ್ಲಿ?

ಲೆಕ್ಕ ಹಾಕಿ ನೋಡಿ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರುಣಿಸಿದರೆ ಗುಂಟೆಗೆ 500 ಲೀಟರ್. ಹತ್ತು ಗುಂಟೆಗೆ 5,000 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಟ್ಯಾಂಕರ್! ಇದರಲ್ಲಿ ಕಾಲು ಭಾಗ ಉಳಿಸಿದರೂ 1,250 ಲೀಟರ್. ಹದಿನೈದು ಲೀಟರಿನ ಬಿಂದಿಗೆಯಲ್ಲಿ ಎಂಬತ್ತಕ್ಕೂ ಹೆಚ್ಚು. ದಿನಾ!

ಉಳಿಸೋದು ಬ್ರಹ್ಮವಿದ್ಯೆಯೇನಲ್ಲ. ಬಿಸಿಲೇರುವ ಮುನ್ನ ನೀರು ಬಿಡಬೇಕು. ಬೇಲಿಗಿಡ, ಹೂಗಿಡಕ್ಕೆ ಕಾರಂಜಿ ಬೇಡ, ಹನಿ ಪೈಪು ಸಾಕು. ಮೋಟಾರಿಗೊಂದು ಟೈಮರು, ಪೈಪಿಗೊಂದು ಮೀಟರು. ಮಳೆ ಬಂದ ದಿನ ಬಂದ್. ಗಿಡದ ಬುಡಕ್ಕೆ ಒಣ ತರಗೆಲೆ ಹೊದಿಸಿದರೆ ತೇವ ಆರುವುದಿಲ್ಲ. ದಿನಾ ಅತಿಯಾಗಿ ನೀರು ಕುಡಿದ ಹುಲ್ಲಿನ ಬೇರು ಆಳಕ್ಕೆ ಇಳಿಯುವುದೂ ಇಲ್ಲ, ರೋಗವೂ ಬೇಗ ಅಂಟುತ್ತದೆ. ನೀರು ಉಳಿದರೆ ಕರೆಂಟ್ ಬಿಲ್ಲೂ ಇಳಿಯುತ್ತದೆ, ಟ್ಯಾಂಕರ್ ಕಾಸೂ ಉಳಿಯುತ್ತದೆ. ಲಾಭ ಯಾರಿಗೆ? ಮೊದಲು ಮಾಲೀಕರಿಗೇ!

ಇದನ್ನು ಕಲಿಯಲು ಇಸ್ರೇಲಿಗೆ ಹೋಗಬೇಕಾಗಿಲ್ಲ. ಪಕ್ಕದ ಟೊಮ್ಯಾಟೊ ತೋಟಕ್ಕೆ ಹೋದರೆ ಸಾಕು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಈ ಜಿಲ್ಲೆಯಲ್ಲಿ ರೈತ ಸಾವಿರ ಅಡಿ ಕೊರೆಸಿ, ಸಿಕ್ಕಿದ್ದನ್ನು ಹನಿ ಹನಿಯಾಗಿ ಎಣಿಸಿ ಬೆಳೆ ತೆಗೆಯುತ್ತಾನೆ. ಅನ್ನ ಕೊಡುವವನು ಹನಿ ಎಣಿಸಬೇಕು, ಅಲಂಕಾರದವರು ಕೊಡಗಟ್ಟಲೆ ಚೆಲ್ಲಬಹುದೇ?

'ನಮ್ಮ ಬೋರು, ನಮ್ಮ ಕರೆಂಟು, ಕೇಳೋಕೆ ನೀವ್ಯಾರು?' ಎನ್ನುವವರಿದ್ದಾರೆ. ಸ್ವಾಮಿ, ಕಾಂಪೌಂಡು ಇರೋದು ನೆಲದ ಮೇಲೆ, ನೆಲದ ಕೆಳಗಲ್ಲ! ಇಲ್ಲಿ ಎಳೆದ ನೀರು ಪಕ್ಕದವನ ಬೋರಿಗೂ ಲುಕ್ಸಾನೇ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬಂದಿದೆ, ನಿಜ. ಅದು ಚೆಲ್ಲಾಡಲು ಸಿಕ್ಕ ಪರವಾನಗಿಯಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಗಂಟಲು ಒಣಗಿದ ಮೇಲೆ ಬಂದ ಬುದ್ಧಿ! ಇಲ್ಲಿ ಅಲ್ಲಿಯವರೆಗೆ ಕಾಯಬೇಕೆ? ದೊಡ್ಡ ಹುಲ್ಲುಹಾಸು ಇರುವವರ ಲೈಸೆನ್ಸ್ ನವೀಕರಿಸುವಾಗ 'ಮೀಟರ್ ಎಲ್ಲಿ, ಟೈಮರ್ ಎಲ್ಲಿ, ಕೊಳಚೆ ಸಂಸ್ಕರಿಸಿ ತೋಟಕ್ಕೆ ಬಿಡುವ ಏರ್ಪಾಡು ಎಲ್ಲಿ' ಎಂದು ಪೌರಾಡಳಿತ ಕೇಳಲಿ. ಕೇಳುವ ಮುಂಚೆ ತನ್ನ ಪಾರ್ಕುಗಳ ಸೋರುವ ನಲ್ಲಿಯನ್ನೂ ಒಮ್ಮೆ ನೋಡಿಕೊಳ್ಳಲಿ.

ದುಡ್ಡನ್ನು ನೀರಿನಂತೆ ಖರ್ಚು ಮಾಡುತ್ತಾನೆ ಎಂಬುದು ಹಳೇ ಬೈಗುಳ. ಕೋಲಾರದಲ್ಲಿ ಇನ್ನು ನೀರನ್ನು ದುಡ್ಡಿನಂತೆ ಎಣಿಸುವುದೇ ಜಾಣತನ.