ದಾಳಿಗಾರನ ಅಂಕವೂ ತಂಡದ ಬಲವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಶಾಲೆ ಕಾಲೇಜುಗಳಲ್ಲಿ ಕಬಡ್ಡಿ ಪಂದ್ಯ ಮುಗಿದೊಡನೆ ಏಳುವ ಪ್ರಶ್ನೆ ಒಂದೇ: ಯಾವ ದಾಳಿಗಾರನು ಎಷ್ಟು ಅಂಕ ತಂದನು? ಹೆಚ್ಚು ತಂದವನೇ ಶ್ರೇಷ್ಠನೆಂದೂ, ತಂಡ ಸೋತರೆ ಕಡಮೆ ತಂದವನೇ ಹೊಣೆಯೆಂದೂ ತೀರ್ಪು ಹೊರಡುತ್ತದೆ. ಮುಂದಿನ ಹಂತದ ಆಯ್ಕೆಗೂ ಈ ಎಣಿಕೆಯೊಂದೇ ಆಧಾರವಾದರೆ, ದುರ್ಬಲ ತಂಡದಲ್ಲಿರುವ ಸಮರ್ಥ ಆಟಗಾರನಿಗೆ ಅನ್ಯಾಯವಾಗುವುದು ಖಂಡಿತ. ಯಾವ ಸಂಖ್ಯೆಯನ್ನೇ ಆಗಲಿ ನಂಬುವ ಮುನ್ನ, ಅದು ಏನನ್ನು ಅಳೆಯುತ್ತಿದೆಯೆಂದು ಕೇಳುವುದು ವಿಜ್ಞಾನದ ಮೊದಲ ಪಾಠ.

ಆಟದ ನಿಯಮವನ್ನೇ ಪರಿಶೀಲಿಸೋಣ. ಎದುರಾಳಿಗಳ ಕೈಗೆ ಸಿಕ್ಕಿಬಿದ್ದ ದಾಳಿಗಾರನು ಅಂಕಣದ ಹೊರಗೆ ಕುಳಿತುಕೊಳ್ಳಬೇಕು. ಅವನ ಸಂಗಡಿಗರು ಎದುರಾಳಿಯೊಬ್ಬನನ್ನು ಔಟ್ ಮಾಡಿದಾಗ, ಮೊದಲು ಹೊರಹೋದವನು ಮೊದಲು ಎಂಬ ಕ್ರಮದಲ್ಲಿ, ಒಬ್ಬನು ಒಳಗೆ ಬರುತ್ತಾನೆ. ಆದುದರಿಂದ ಹಿಡಿಯುವವರು ದುರ್ಬಲರಾದ ತಂಡದಲ್ಲಿ ದಾಳಿಗಾರನು ಬಹುಹೊತ್ತು ಹೊರಗೇ ಉಳಿಯುತ್ತಾನೆ. ಇದಲ್ಲದೆ, ಸತತ ಎರಡು ದಾಳಿಗಳು ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು. ಇಲ್ಲವಾದರೆ ಹೋದವನು ಔಟ್. ಇಂಥ ಕಷ್ಟದ ದಾಳಿಗಳೆಲ್ಲ ಒಬ್ಬನ ಪಾಲಿಗೇ ಬಂದರೆ ಅವನು ಹೆಚ್ಚು ಸಲ ಸಿಕ್ಕಿಬೀಳುವುದರಲ್ಲಿ ಆಶ್ಚರ್ಯವೇನು?

ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಮಾಗಡಿಯ ಆಟಗಾರನೊಬ್ಬನು 20 ದಾಳಿಗಳಲ್ಲಿ 10 ಅಂಕ ತಂದು 6 ಸಲ ಸಿಕ್ಕಿಬಿದ್ದನೆನ್ನಿ. ಪ್ರತಿ ಸಲವೂ ಎದುರಾಳಿಗೆ ಒಂದು ಅಂಕ ಹೋಗುವುದರಿಂದ ನಿವ್ವಳ ಲಾಭ 4, ದಾಳಿಯೊಂದಕ್ಕೆ 0.2. ಕನಕಪುರದವನು 10 ದಾಳಿಗಳಲ್ಲಿ 7 ಅಂಕ ತಂದು 2 ಸಲ ಸಿಕ್ಕಿದನು. ಲಾಭ 5, ದಾಳಿಯೊಂದಕ್ಕೆ 0.5. ಮೊತ್ತದಲ್ಲಿ ಹಿಂದಿರುವವನೇ ಇಲ್ಲಿ ಮುಂದಿದ್ದಾನೆ! ಆದರೆ ಹತ್ತು ದಾಳಿಗಳ ಆಧಾರದ ಮೇಲೆ ಕೊನೆಯ ಮಾತನ್ನು ಹೇಳುವಂತಿಲ್ಲ. ಹತ್ತು ಸಲ ಚಿಮ್ಮಿದ ನಾಣ್ಯದಲ್ಲಿ ಏಳು ಸಲ ತಲೆ ಬಿದ್ದಿತೆಂದು ನಾಣ್ಯವನ್ನು ದೂಷಿಸುವವರುಂಟೆ?

ನಮ್ಮ ನೆರೆಯ ಬೆಂಗಳೂರಿನ ಹೆಸರು ಹೊತ್ತ ಬೆಂಗಳೂರು ಬುಲ್ಸ್ ತಂಡದ ನಿದರ್ಶನ ಇನ್ನೂ ಸ್ಪಷ್ಟವಾದುದು. 2019ರ ಜನವರಿಯಲ್ಲಿ ನಡೆದ ಪ್ರೊ ಕಬಡ್ಡಿ ಅಂತಿಮ ಪಂದ್ಯದಲ್ಲಿ ಅದು ಗುಜರಾತನ್ನು 38-33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ತಂದ ಅಂಕಗಳು 22. ಅದೇ ವರ್ಷದ ಮುಂದಿನ ಆವೃತ್ತಿಯಲ್ಲಿ ಅವರು 346 ದಾಳಿ ಅಂಕಗಳೊಡನೆ ಎಲ್ಲರಿಗಿಂತ ಮುಂದಿದ್ದರು. ಆದರೂ ಅಕ್ಟೋಬರಿನ ಉಪಾಂತ್ಯ ಪಂದ್ಯದಲ್ಲಿ ತಂಡವು ದೆಹಲಿಗೆ 44-38ರಿಂದ ಸೋತಿತು. ಪವನ್ ತಂದುದು 18. ಗಮನಿಸಿರಿ: ತಂಡದ ಮೊತ್ತ ಎರಡು ಸಲವೂ 38. ಪವನ್ ಕಡಮೆ ತಂದ ನಾಲ್ಕನ್ನು ಇತರ ಮೂಲಗಳು ತುಂಬಿಕೊಟ್ಟವು. ಬದಲಾದುದು ಎದುರಾಳಿಗೆ ಹೋದ ಅಂಕ. ಅದು 33ರಿಂದ 44ಕ್ಕೆ ಏರಿತು. ಅದರಲ್ಲಿ ದಾಳಿಗಾರರು ಸಿಕ್ಕಿಬಿದ್ದು ಕೊಟ್ಟದ್ದೆಷ್ಟು, ಹಿಡಿಯುವವರು ಬಿಟ್ಟುಕೊಟ್ಟದ್ದೆಷ್ಟು ಎಂದು ಬೇರ್ಪಡಿಸದೆ ಒಬ್ಬನನ್ನು ಹೊಗಳುವುದೂ ತೆಗಳುವುದೂ ಅವಿಚಾರವೇ ಸರಿ.

ಹಾಗೆಂದು ಎಣಿಕೆಯನ್ನೇ ಬಿಡಬೇಕೆಂದಲ್ಲ; ಎಣಿಸುವ ಕ್ರಮ ಸುಧಾರಿಸಬೇಕು. ಇದಕ್ಕೆ ದುಬಾರಿ ಯಂತ್ರವೇನೂ ಬೇಡ. ಗಣಿತ ಬಲ್ಲ ವಿದ್ಯಾರ್ಥಿಯೊಬ್ಬನು ನೋಟ್‌ಪುಸ್ತಕ ಹಿಡಿದು ಕುಳಿತರೆ ಸಾಕು. ಪ್ರತಿ ದಾಳಿಗೂ ಹೋದವರು ಯಾರು, ಎದುರಿಗಿದ್ದವರು ಎಷ್ಟು ಮಂದಿ, ಅದು ಮೂರನೆಯ ದಾಳಿಯೇ, ಫಲವೇನು, ಹೊರಗೆ ಕುಳಿತ ಕಾಲವೆಷ್ಟು ಎಂದು ಬರೆದಿಡಲಿ. ಹಲವು ಪಂದ್ಯಗಳ ಇಂಥ ದಾಖಲೆಯನ್ನು ಮುಂದಿಟ್ಟುಕೊಂಡು ನಮ್ಮ ತಾಲ್ಲೂಕುಗಳಲ್ಲಿ ಆಯ್ಕೆ ನಡೆಯಲಿ. ಸೋತ ತಂಡದ ಒಳ್ಳೆಯ ಆಟಗಾರನು ಆಗ ಕಣ್ಣಿಗೆ ಬಿದ್ದಾನು.