'ನಿಮ್ಮಲ್ಲಿ ನಾಯಿ ಸಾಕ್ತಾರಾ?'

ಒಂದೇ ವಾರದಲ್ಲಿ ಈ ಪ್ರಶ್ನೆಯನ್ನು ನಾವು ಎರಡು ಸಲ ಕೇಳಿಸಿಕೊಂಡೆವು. ಮೊದಲು ಕೇಳಿದವರು ಬೆಂಗಳೂರಿನ ಹೊರವಲಯದ ಒಂದು ಪ್ರಾಣಿ ಆಶ್ರಯಧಾಮದಲ್ಲಿ ಅರ್ಜಿ ಬರೆದುಕೊಳ್ಳುತ್ತಿದ್ದ ಹೆಣ್ಣುಮಗಳು. ಬೆಂಗಳೂರಿನಲ್ಲಿ ಓದುವ ನಮ್ಮ ಮಗಳು ಭಾನುವಾರಗಳಲ್ಲಿ ಅಲ್ಲಿ ನಾಯಿಗಳ ಮೈ ತೊಳೆಯಲು ಹೋಗುತ್ತಾಳೆ. ಕಾರಿಗೆ ಸಿಕ್ಕು ಹಿಂಗಾಲು ಊನವಾದ ಕಂದು ಬಣ್ಣದ ಹೆಣ್ಣು ನಾಯಿಯೊಂದನ್ನು ಮನೆಗೆ ತರೋಣವೆಂದು ಆರು ತಿಂಗಳಿಂದ ಪೀಡಿಸುತ್ತಿದ್ದಳು. ಕೊನೆಗೆ ಹೋದೆವು. ನಮ್ಮ ಹೆಸರು ಹೇಳಿದ್ದೇ ತಡ, ಆಕೆಯ ಪೆನ್ನು ನಿಂತಿತು. 'ಬೇಜಾರು ಮಾಡ್ಕೋಬೇಡಿ ಸಾರ್, ನಿಮ್ಮಲ್ಲಿ ನಾಯಿ ಸಾಕ್ತಾರಾ?' ಎಂದರು.

ಎರಡನೆಯ ಸಲ ಕೇಳಿದವರು ನಮ್ಮ ಚಳ್ಳಕೆರೆಯ ಹಿರಿಯರೊಬ್ಬರು. ಶುಕ್ರವಾರದ ನಮಾಜು ಮುಗಿಸಿ ಚಪ್ಪಲಿ ಹುಡುಕುತ್ತಿದ್ದಾಗ ಹೆಗಲ ಮೇಲೆ ಕೈಯಿಟ್ಟು, 'ಕ್ಯಾ ಮಿಯಾಂ, ಅಪನ್ ಲೋಗಾಂ ಮೇ ಕುತ್ತಾ ಪಾಲ್ತೇ ಕ್ಯಾ?' ಎಂದರು. ಭಾಷೆ ಬೇರೆ, ಪ್ರಶ್ನೆ ಅದೇ. ಒಬ್ಬರು ನಮ್ಮನ್ನು ಹೊರಗಿನಿಂದ ಅಳೆದರು, ಇನ್ನೊಬ್ಬರು ಒಳಗಿನಿಂದ. ಮುಸಲ್ಮಾನನ ಮನೆಯ ಬಾಗಿಲಲ್ಲಿ ನಾಯಿ ಇರಲಾರದು ಎಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಇಬ್ಬರಿಗೂ ಅಲ್ಲೇ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಈಗ ಕೊಡುತ್ತಿದ್ದೇವೆ.

ಈ ಆಸೆ ಮಗಳಲ್ಲಿ ಹುಟ್ಟಿದ್ದು ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ. ಅವಳು ಹೈಸ್ಕೂಲಿನಲ್ಲಿದ್ದಾಗ ಅಶೋಕನ ಶಾಸನ ತೋರಿಸಲು ಕರೆದೊಯ್ದಿದ್ದೆವು. ರಾವಣನೊಡನೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಎಂದು ಸುತ್ತಲಿನವರ ನಂಬಿಕೆ. ದಾರಿಯಲ್ಲಿ ಜೊತೆಯಾದ ಬಡಕಲು ನಾಯಿಯೊಂದು ಮೆಟ್ಟಿಲುದ್ದಕ್ಕೂ ಮುಂದೆ ಹೋಗಿ ನಿಂತು ನಮಗಾಗಿ ಕಾಯುತ್ತಿತ್ತು. ಶಾಸನದ ಬಂಡೆಗೆ ಜನರಿಟ್ಟ ಹೆಸರು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹರಡುತ್ತಿದ್ದರಂತೆ. ಅವರಲ್ಲಿ ನಮ್ಮವರೂ ಇದ್ದಿರಬೇಕು. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಇಲ್ಲಿನ ಮೂರು ಶಾಸನಗಳಲ್ಲಿ, ಅಂದರೆ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದವುಗಳಲ್ಲಿ, ಹೆಚ್ಚು ಸವೆದದ್ದು ಇದೇ. ಹಾಗಾಗಿ ಬ್ರಹ್ಮಗಿರಿಯ ಪಾಠ ನೋಡಿಕೊಂಡು ಓದಬೇಕು. ತಾಯಿ ತಂದೆಯರ ಮಾತು ಕೇಳಬೇಕು, ಜೀವಿಗಳ ಮೇಲಿನ ದಯೆ ದೃಢವಾಗಿರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ತಾತ್ಪರ್ಯ. ಬರೆದವನು ಚಪಡನೆಂಬ ಲಿಪಿಕಾರ. ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆಯುತ್ತ ಬಂದವನು ತನ್ನ ಕಸುಬಿನ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಕನ್ನಡವನ್ನೂ ಉರ್ದುವನ್ನೂ ಒಟ್ಟಿಗೆ ತಿದ್ದಿದ ನಮಗೆ ಈ ಚಪಡನ ಮೇಲೆ ತುಸು ಹೆಚ್ಚೇ ಪ್ರೀತಿ.

ಇದನ್ನೆಲ್ಲ ಮಗಳಿಗೆ ಉತ್ಸಾಹದಿಂದ ವಿವರಿಸಿ ಕೆಳಗಿಳಿದೆವು. ನಾಯಿಯೂ ಇಳಿಯಿತು. 'ಅಬ್ಬಾ, ಇದನ್ನ ಮನೆಗೆ ಕರ್ಕೊಂಡು ಹೋಗೋಣ' ಎಂದಳು. 'ನಮ್ಮಲ್ಲಿ ನಾಯಿ ಸಾಕಲ್ಲಮ್ಮ' ಎಂದೆವು. ಆ ಮಾತು ಮೊದಲು ಆಡಿದ್ದು ಆಶ್ರಯಧಾಮದ ಹೆಣ್ಣುಮಗಳೂ ಅಲ್ಲ, ಮಸೀದಿಯ ಹಿರಿಯರೂ ಅಲ್ಲ, ನಾವೇ. ಅದೂ ದಯೆ ದೃಢವಾಗಿರಲಿ ಎಂಬ ಬಂಡೆಯನ್ನು ತೋರಿಸಿ ಬಂದ ಮೇಲೆ.

ಈಗ ಹಿರಿಯರ ವಾದಕ್ಕೆ ಬರೋಣ. ನಾವು ಮುಫ್ತಿಗಳಲ್ಲ, ಕತೆ ಬರೆಯುವವರು. ಆದರೆ ಓದಲು ಬರುತ್ತದೆ. ನಾಯಿಯಿರುವ ಮನೆಗೆ ಮಲಕುಗಳು ಬರುವುದಿಲ್ಲ ಎಂಬ ಹದೀಸನ್ನು ನಮ್ಮ ಮುಂದಿಟ್ಟರು. ಇದೆ, ಅಲ್ಲವೆನ್ನುವುದಿಲ್ಲ. ಆದರೆ ಅದೇ ಹದೀಸು ನಾಯಿಯ ಪಕ್ಕದಲ್ಲೇ ಚಿತ್ರವನ್ನೂ ಹೆಸರಿಸುತ್ತದೆ. ನಮಗೆ ಬುದ್ಧಿ ಹೇಳಿದವರ ಪಡಸಾಲೆಯಲ್ಲಿ ದುಬೈ ಮಗನ ಕುಟುಂಬದ ಫೋಟೋ ಬಾಗಿಲಿನಷ್ಟು ದೊಡ್ಡದಾಗಿ ತೂಗುತ್ತಿದೆ. ಮದುವೆಯ ವಿಡಿಯೋ ಮೂರು ದಿನ ಓಡಿತ್ತು. ಚಿತ್ರದ ವಿಷಯದಲ್ಲಿ ಕಾಲ, ಸಂದರ್ಭ, ಉದ್ದೇಶ ಎಂದೆಲ್ಲ ವ್ಯಾಖ್ಯಾನ ಮಾಡಿಕೊಂಡ ನಾವು ನಾಯಿಯ ವಿಷಯದಲ್ಲಿ ಮಾತ್ರ ಒಂದಕ್ಷರ ಅಲುಗಾಡುವುದಿಲ್ಲ. ಫೋಟೋ ನಮಗೆ ಬೇಕಿತ್ತು, ನಾಯಿ ಬೇಕಿರಲಿಲ್ಲ.

ಬೇಟೆಗೆ, ಮಂದೆಗೆ, ಹೊಲಕ್ಕೆಂದು ಅಲ್ಲದೆ ನಾಯಿ ಸಾಕಿದವನ ಪುಣ್ಯದಲ್ಲಿ ದಿನವೂ ಕಡಿತವಾಗುತ್ತದೆ ಎಂಬ ಹದೀಸೂ ಇದೆ. ಇದನ್ನು ಹಗುರವಾಗಿ ತಳ್ಳಿಹಾಕಲು ನಾವು ಸಿದ್ಧರಿಲ್ಲ. ಆದರೆ ಹೊಲದ ಕಾವಲಿಗೆ ಇರುವ ಅನುಮತಿಯನ್ನು ಮನೆಯ ಕಾವಲಿಗೂ ವಿಸ್ತರಿಸಿದ ಧರ್ಮಶಾಸ್ತ್ರಜ್ಞರು ಹಿಂದೆಯೇ ಆಗಿಹೋಗಿದ್ದಾರೆ. ನಾಯಿ ನೆಕ್ಕಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಒಂದು ಸಲ ಮಣ್ಣು ಹಚ್ಚಿ ತೊಳೆಯಬೇಕು ಎಂಬುದನ್ನು ಎಲ್ಲರೂ ಬಲ್ಲರು. ಪಾತ್ರೆ ತೊಳೆಯುವ ಕ್ರಮ ಹೇಳಬೇಕಾಯಿತೆಂದರೆ ನಾಯಿ ಪಾತ್ರೆಯ ಹತ್ತಿರ ಬರುವಷ್ಟು ಮನೆಗಳ ಹತ್ತಿರವಿತ್ತು ಎಂದಲ್ಲವೆ? ತೊಳೆಯಲು ಹೇಳಿದ್ದನ್ನು ನಾವು ಕಲ್ಲೆಸೆಯಲು ಹೇಳಿದಂತೆ ಓದಿಕೊಂಡೆವು. ಪ್ರವಾದಿಯವರ ಕಾಲದಲ್ಲಿ ನಾಯಿಗಳು ಮಸೀದಿಯೊಳಗೆ ಬಂದು ಹೋಗುತ್ತಿದ್ದವು, ಅದಕ್ಕೆಂದು ನೀರು ಚಿಮುಕಿಸುತ್ತಿರಲಿಲ್ಲ ಎಂಬ ಇಬ್ನ್ ಉಮರ್ ಅವರ ವರದಿ ಬುಖಾರಿಯಲ್ಲಿದೆ. ಅದನ್ನು ಶುಕ್ರವಾರದ ಬಯಾನಿನಲ್ಲಿ ನಾವು ಒಮ್ಮೆಯೂ ಕೇಳಿಲ್ಲ.

ಇನ್ನು ನಜೀಸಿನ ಮಾತು. ಮಾಲಿಕಿಗಳಿಗೆ ಜೀವಂತ ನಾಯಿ ಅಶುದ್ಧವೇ ಅಲ್ಲ. ಬಯಲುಸೀಮೆಯ ನಮ್ಮಂಥ ಹನಫಿಗಳಿಗೆ ಜೊಲ್ಲು ಅಶುದ್ಧ, ಒಣಗಿದ ಮೈ ತಾಕಿದರೆ ಬಾಧಕವಿಲ್ಲ. ಕರಾವಳಿಯ ಶಾಫಿಗಳಿಗೆ ಕಟ್ಟುನಿಟ್ಟು ಹೆಚ್ಚು. ಅಂದರೆ ಇಸ್ಲಾಮಿನೊಳಗೇ ನಾಯಿಗೆ ಒಂದೇ ತೀರ್ಪಿಲ್ಲ. ಹತ್ತನೇ ಶತಮಾನದ ಆರಂಭದಲ್ಲಿ ತೀರಿಕೊಂಡ ಬಾಗ್ದಾದಿನ ಇಬ್ನ್ ಅಲ್ ಮರ್ಜುಬಾನ್, ಬಟ್ಟೆ ತೊಟ್ಟವರಲ್ಲಿ ಹಲವರಿಗಿಂತ ನಾಯಿಗಳೇ ಮೇಲು ಎಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕವನ್ನೇ ಸಂಕಲಿಸಿದ. ಅವನನ್ನು ಯಾರೂ ಮಸೀದಿಯ ಬಾಗಿಲಲ್ಲಿ ತಡೆದಂತಿಲ್ಲ!

ಕುರ್‌ಆನಿನ ಕಹ್ಫ್ ಅಧ್ಯಾಯವನ್ನು ನಮ್ಮ ಅಮ್ಮಿ ಪ್ರತಿ ಶುಕ್ರವಾರ ಓದುತ್ತಾರೆ. ಗುಹೆಯಲ್ಲಿ ಮಲಗಿದ ವಿಶ್ವಾಸಿಗಳ ನಾಯಿ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿತ್ತು. ಅವರು ಎಷ್ಟು ಮಂದಿ ಎಂದು ಜನ ವಾದಿಸುತ್ತಾರೆ: ಮೂವರು, ನಾಲ್ಕನೆಯದು ನಾಯಿ, ಐವರು, ಆರನೆಯದು ನಾಯಿ, ಏಳು ಮಂದಿ, ಎಂಟನೆಯದು ನಾಯಿ. ಮನುಷ್ಯರ ಸಂಖ್ಯೆ ಬದಲಾಗುತ್ತದೆ, ನಾಯಿ ಮಾತ್ರ ಯಾವ ಲೆಕ್ಕದಲ್ಲೂ ಬಿಟ್ಟುಹೋಗುವುದಿಲ್ಲ. ಇದನ್ನು ಅಮ್ಮಿಗೆ ಹೇಳಿದೆವು. ಅವರು ಕನ್ನಡಕ ತೆಗೆದು, 'ಹೊಸ್ತಿಲಲ್ಲಿ ಅಂತ ಇದೆಯಲ್ಲ, ಹೊಸ್ತಿಲಲ್ಲೇ ಇರಲಿ. ಒಳಗೆ ಬಂದ್ರೆ ನಿನ್ನನ್ನೂ ಸೇರಿಸಿ ಹೊರಗೆ ಹಾಕ್ತೀನಿ' ಎಂದರು. ನಮ್ಮ ಮನೆಯ ಫತ್ವಾ ಅಷ್ಟೇ.

ಹಿರಿಯರಿಗೆ ಹೇಳಬೇಕಾದ ಮುಖ್ಯ ಮಾತು ಇನ್ನೂ ಬಾಕಿಯಿದೆ. ನಮ್ಮ ಕೇರಿಗಳಲ್ಲಿ ನಾಯಿ ಇಲ್ಲವೆಂದು ಯಾರು ಹೇಳಿದವರು? ಮಾಂಸದಂಗಡಿಗಳ ಹಿಂದಿನ ಚರಂಡಿ ನೋಡಿ. ಮದುವೆ ಮಂಟಪದ ಹಿತ್ತಲು ನೋಡಿ. ಬಕ್ರೀದಿನ ಮರುದಿನ ಖಾಲಿ ಸೈಟುಗಳನ್ನು ನೋಡಿ. ನಾವು ಎಸೆದ ಮೂಳೆಯಿಂದಲೇ ಅವು ಬದುಕುತ್ತವೆ, ನಮ್ಮ ಓಣಿಯಲ್ಲೇ ಮರಿ ಹಾಕುತ್ತವೆ, ನಮ್ಮ ಮಕ್ಕಳನ್ನೇ ಕಚ್ಚುತ್ತವೆ. ಅನ್ನ ನಮ್ಮದು, ಗಾಯ ನಮ್ಮದು, ನಾಯಿ ಮಾತ್ರ ಯಾರದೂ ಅಲ್ಲ. ದತ್ತು ಎಂದರೆ ಈ ಲೆಕ್ಕವನ್ನು ಸರಿಪಡಿಸಿ ಒಂದು ನಾಯಿಯನ್ನು ನಮ್ಮ ಹೆಸರಿಗೆ ಬರೆಸಿಕೊಳ್ಳುವುದು. ಅದರ ಚುಚ್ಚುಮದ್ದು, ಅದರ ಸಂತಾನಹರಣ, ಅದು ಕಚ್ಚಿದರೆ ಹೊಣೆ, ಅದು ಸತ್ತರೆ ಗುಂಡಿ, ಎಲ್ಲವೂ ನಮ್ಮದು. ಬಾಯಾರಿದ ನಾಯಿಗೆ ಬೂಟಿನಲ್ಲಿ ನೀರು ಮೊಗೆದುಕೊಟ್ಟು ಕ್ಷಮೆ ಪಡೆದ ವೇಶ್ಯೆಯ ಕತೆಗೆ ಕಣ್ಣೀರು ಹಾಕುವವರು ಬೇಸಿಗೆಯಲ್ಲಿ ಓಣಿಯಲ್ಲೊಂದು ನೀರಿನ ಬಾನಿ ಇಡಲಿ.

ಕಚ್ಚಿಸಿಕೊಂಡವರ ನೋವನ್ನು ಮರೆತು ಇದನ್ನು ಬರೆಯುತ್ತಿಲ್ಲ. ಕಾರಿನಲ್ಲಿ ಓಡಾಡುವ ಪ್ರಾಣಿಪ್ರಿಯರನ್ನು ಬೀದಿನಾಯಿ ಕಚ್ಚುವುದು ಅಪರೂಪ. ನಸುಕಿನಲ್ಲಿ ಹಾಲಿಗೆ, ಮದರಸಾಕ್ಕೆ, ಕೂಲಿಗೆ ನಡೆದು ಹೋಗುವವರನ್ನು ಕಚ್ಚುತ್ತದೆ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಇಷ್ಟಾದರೂ ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಮೆತ್ತಿ ಮಂತ್ರ ಹಾಕಿಸುವವರು ನಮ್ಮಲ್ಲಿ ಈಗಲೂ ಇದ್ದಾರೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಶುರುಮಾಡಿ, ಹೇಳಿದಷ್ಟು ಸಲ ಹಾಕಿಸಬೇಕು.

2019ರ ಜಾನುವಾರು ಗಣತಿ ಕರ್ನಾಟಕದಲ್ಲಿ ಎಣಿಸಿದ ಬೀದಿನಾಯಿಗಳು ಸುಮಾರು 11.41 ಲಕ್ಷ. 2011ರ ಜನಗಣತಿ ಎಣಿಸಿದ ಕುಟುಂಬಗಳು 1.3 ಕೋಟಿಗೂ ಹೆಚ್ಚು. ಅಂದರೆ ಹನ್ನೊಂದು ಹನ್ನೆರಡು ಮನೆಗೆ ಒಂದು ನಾಯಿ. ಎಲ್ಲವೂ ಮನೆ ಸೇರುವುದಿಲ್ಲ ಎಂಬುದು ನಮಗೂ ಗೊತ್ತು. ಆದರೆ ಎಲ್ಲವನ್ನೂ ಹಿಡಿದು ದೊಡ್ಡಿಗೆ ತುಂಬಿ ಎನ್ನುವವರಿಗಿಂತ ಈ ಲೆಕ್ಕ ಹೆಚ್ಚು ಪ್ರಾಯೋಗಿಕವಾದದ್ದು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಪೀಠವೊಂದು ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಆಶ್ರಯಧಾಮಗಳಿಗೆ ಸಾಗಿಸಲು ಹೇಳಿತು. ಮೂವರು ನ್ಯಾಯಮೂರ್ತಿಗಳ ಪೀಠ ಅದೇ ತಿಂಗಳ 22ರಂದು ಅದನ್ನು ತಿದ್ದಿ, ರೇಬೀಸ್ ತಗುಲಿದ ಅಥವಾ ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳನ್ನು ಮಾತ್ರ ಹಾಗೆ ಮರಳಿ ಬಿಡದೆ ಆಶ್ರಯಧಾಮಕ್ಕೆ ಒಯ್ಯಬೇಕೆಂಬ ಆದೇಶ ಬಂತು. ಈ ಗದ್ದಲದಲ್ಲಿ ಆಗಸ್ಟ್ 22ರ ಆದೇಶದ ಒಂದು ಮಾತು ಯಾರ ಕಿವಿಗೂ ಬಿದ್ದಂತಿಲ್ಲ. ಇಷ್ಟವುಳ್ಳವರು ಅರ್ಜಿ ಹಾಕಿ ಬೀದಿನಾಯಿಯನ್ನು ದತ್ತು ಪಡೆಯಬಹುದು, ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದು. ಟಿವಿ ಚರ್ಚೆಗಳಲ್ಲಿ ಎರಡೂ ಕಡೆಯವರು ಗಂಟಲು ಹರಿದುಕೊಂಡರು. ಅವರಲ್ಲಿ ಎಷ್ಟು ಮಂದಿ ಅರ್ಜಿ ಹಾಕಿದರೋ!

ಆಶ್ರಯಧಾಮದ ಹೆಣ್ಣುಮಗಳಿಗೂ ಒಂದು ಮಾತಿದೆ. ಆಕೆಯ ಅನುಮಾನ ಪೂರ್ತಿ ಆಧಾರವಿಲ್ಲದ್ದೆಂದು ನಾವು ಹೇಳಲಾರೆವು, ಅದಕ್ಕೆ ನಾವೂ ಕಾರಣರು. ಆದರೆ ಅಂದು ಆ ಪಂಜರಗಳಲ್ಲಿ ಒಂದು ಹಸ್ಕಿ, ಎರಡು ಲ್ಯಾಬ್ರಡಾರ್, ಕಣ್ಣು ಹೋದ ಒಂದು ಪಗ್ ಇದ್ದವು. ಹಿಮದ ನಾಡಿನ ದಟ್ಟ ಕೂದಲಿನ ನಾಯಿಯನ್ನು ನಮ್ಮ ಉರಿಬಿಸಿಲಿಗೆ ದುಡ್ಡು ಕೊಟ್ಟು ತಂದವರು, ಮರಿ ದೊಡ್ಡದಾದ ಮೇಲೆ ಬಿಟ್ಟುಹೋದವರು ಯಾರು? ಖರೀದಿಸುವಾಗ ಅವರ ಹೆಸರು ನೋಡಿ ಯಾರಾದರೂ 'ನಿಮ್ಮಲ್ಲಿ ಸಾಕ್ತಾರಾ' ಎಂದು ಕೇಳಿದ್ದರೇ? ಮನೆ ನೋಡಿ, ಅಂಗಳ ನೋಡಿ, ಪಶುವೈದ್ಯರು ಎಷ್ಟು ದೂರ ಎಂದು ಕೇಳಿ. ಹೆಸರಿನ ಮೇಲೆ ಪೆನ್ನು ನಿಲ್ಲಿಸಬೇಡಿ. ಮಂಟೋ ಬರೆದ ಟಿಟವಾಲಿನ ನಾಯಿಯ ಕತೆ ನೆನಪಾಗುತ್ತದೆ. ಗಡಿಯ ಎರಡೂ ಕಡೆಯ ಸೈನಿಕರು ನಾಯಿ ಯಾವ ದೇಶದ್ದೆಂದು ತಮಾಷೆ ಮಾಡುತ್ತ ಮಾಡುತ್ತಲೇ ಅದನ್ನು ಕೊಂದುಬಿಡುತ್ತಾರೆ.

ಕನ್ನಡದ ನೆಲದಲ್ಲಿ ನಾಯಿಗೆ ಇದಕ್ಕಿಂತ ದೊಡ್ಡ ಮರ್ಯಾದೆಯಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಕಾದಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟರು. ನಮ್ಮ ನಾಯಿಗೂ ಆ ಹೆಸರಿಡಬೇಕೆಂಬ ಆಸೆ ನಮಗಿತ್ತು. ಮಗಳು, 'ಅಬ್ಬಾ, ಮುಸಲ್ಮಾನರ ಮನೆ ನಾಯಿಗೆ ಕಾಳಿ ಅಂತ ಹೆಸರಿಟ್ಟರೆ ಶಾಸನ ಯಾರು ಓದ್ತಾರೆ?' ಎಂದಳು. ಬಣ್ಣ ನೋಡಿ ಬಾದಾಮಿ ಎಂದು ಕರೆದೆವು.

ಬಾದಾಮಿ ಮೊದಲ ಮೂರು ದಿನ ಕಲ್ಲುಬೆಂಚಿನ ಕೆಳಗಿಂದ ಹೊರಬರಲಿಲ್ಲ. ಅನ್ನ ಮೂಸಲಿಲ್ಲ, ಪೊರಕೆ ಸದ್ದಿಗೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಬೀದಿಯಲ್ಲಿ ಪೊರಕೆಯನ್ನು ಯಾವ ರೂಪದಲ್ಲಿ ನೋಡಿತ್ತೋ. ಹದಿನೈದು ದಿನಕ್ಕೆ ಬಾಲ ಅಲ್ಲಾಡಿಸಿತು. ಆಶ್ರಯಧಾಮದಿಂದ ನಾಯಿ ತರುವವರು ಈ ಹದಿನೈದು ದಿನಗಳಿಗೆ ಸಿದ್ಧರಾಗಿರಬೇಕು. ಅಂಗಡಿಯ ಮರಿಯಂತೆ ಮೊದಲ ದಿನವೇ ಮಡಿಲು ಹತ್ತುವುದಿಲ್ಲ. ನಮಾಜಿನ ಬಟ್ಟೆ ಬೇರೆ ಗೂಟಕ್ಕೆ, ಅದರ ಮಣ್ಣಿನ ತಟ್ಟೆ ಅಂಗಳದ ಮೂಲೆಗೆ. ಇಷ್ಟರಲ್ಲೇ ಶುದ್ಧಿಯ ಸಮಸ್ಯೆ ಮುಗಿಯಿತು.

ಅಮ್ಮಿ ಇಂದಿಗೂ ಅದನ್ನು ಮುಟ್ಟಿಲ್ಲ. ಆದರೆ ಫಜರ್‌ಗೆ ಎದ್ದಾಗ ಕಿಟಕಿಯಿಂದ, 'ಏ ಬಾದಾಮಿ, ಇದೀಯೇನೇ?' ಎನ್ನುತ್ತಾರೆ. ಕಳೆದ ಬಕ್ರೀದಿಗೆ ಮುಂಚೆ ಆ ಹಿರಿಯರು ತಂದು ಕಟ್ಟಿದ ಎರಡು ಹೋತಗಳಲ್ಲಿ ಒಂದನ್ನು ಯಾರೋ ಇರುಳಲ್ಲಿ ಬಿಚ್ಚಿಕೊಂಡು ಹೋದರು. ಮರುದಿನ ಇಶಾ ಮುಗಿದ ಮೇಲೆ ನಮ್ಮ ಗೇಟಿನ ಹತ್ತಿರ ನಿಂತು, ಒಳಗೆ ಬಾರದೆ, ನಾಲ್ಕು ರಾತ್ರಿ ನಾಯಿಯನ್ನು ಅವರ ಹಿತ್ತಲಿಗೆ ಕಳಿಸಬಹುದೇ ಎಂದು ಕೇಳಿದರು. ಮಗಳು ಅದರ ಲಸಿಕೆಯ ಕಾರ್ಡನ್ನೂ ಜೊತೆಗೆ ಕೊಟ್ಟು ಕಳಿಸಿದಳು.