ಅರೆಕ್ಷಣದ ತಪ್ಪೇ ಅದು?

ಈಚೆಗೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಮಾತು ಭಯೋತ್ಪಾದನೆಯತ್ತ ಹೊರಳಿದಾಗ, "ಮೇಷ್ಟ್ರೇ, ಬಾಂಬು ಕಟ್ಟಿಕೊಂಡು ಬಂದವನನ್ನು ವಿಚಾರಿಸುತ್ತ ನಿಲ್ಲಲಾಗುತ್ತದೆಯೇ? ಪೊಲೀಸರಿಗೆ ಸಿಗುವುದು ಅರೆಕ್ಷಣ. ಒಮ್ಮೊಮ್ಮೆ ತಪ್ಪಾಗುತ್ತದೆ, ಏನು ಮಾಡುವುದು?" ಎಂದ. ಕಾಫಿ ಕುಡಿದು ಹೊರಟೂ ಹೋದ. ಆಗ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆಂದು ಬಲ್ಲೆ.

2005ರ ಜುಲೈ 7ರಂದು ಲಂಡನ್ನಿನಲ್ಲಿ ಆತ್ಮಾಹುತಿ ಬಾಂಬುಗಳಿಗೆ 52 ಜನ ಬಲಿಯಾದರು. ಜುಲೈ 21ರಂದು ಮತ್ತೆ ಬಾಂಬುಗಳನ್ನು ತಂದರು, ಅವು ಸಿಡಿಯಲಿಲ್ಲ. ಬಿಟ್ಟುಹೋದ ಚೀಲವೊಂದರಲ್ಲಿ ಸಿಕ್ಕ ವ್ಯಾಯಾಮಶಾಲೆಯ ಕಾರ್ಡಿನ ಜಾಡು ಹಿಡಿದು, ಹುಸೇನ್ ಉಸ್ಮಾನ್ ಎಂಬ ಶಂಕಿತನಿಗಾಗಿ ಪೊಲೀಸರು ವಸತಿ ಕಟ್ಟಡವೊಂದನ್ನು ಕಾಯತೊಡಗಿದರು. ಹಲವು ಮನೆಗಳಿಗೆ ಅಲ್ಲಿ ಒಂದೇ ಬಾಗಿಲು. ಮರುದಿನ ಬೆಳಿಗ್ಗೆ ಆ ಬಾಗಿಲಿನಿಂದ ಹೊರಬಂದವನು ಜೀನ್ ಚಾರ್ಲ್ಸ್ ಡಿ ಮೆನೆಜೆಸ್. ಬ್ರೆಜಿಲ್ ದೇಶದ ಗೊನ್ಜಾಗಾ ಎಂಬ ಊರಿನವನು, 27ರ ಹರೆಯದ ಎಲೆಕ್ಟ್ರೀಷಿಯನ್. ಕಿಲ್ಬರ್ನಿನಲ್ಲಿ ಕೆಟ್ಟಿದ್ದ ಬೆಂಕಿ ಎಚ್ಚರಿಕೆಯ ಗಂಟೆಯನ್ನು ಸರಿಪಡಿಸಲು ಹೊರಟಿದ್ದ.

ಈಗ ಆ 'ಅರೆಕ್ಷಣ'ವನ್ನು ಲೆಕ್ಕ ಹಾಕೋಣ. ಸಶಸ್ತ್ರ ಪಡೆ ಅಲ್ಲಿರಬೇಕೆಂದು ನಸುಕಿನ 5 ಗಂಟೆಯ ಸುಮಾರಿಗೇ ತೀರ್ಮಾನವಾಗಿತ್ತು. ಆತ ಹೊರಬಂದದ್ದು 9.30ರ ನಂತರ, ಪಡೆ ಆಗಲೂ ಬಂದಿರಲಿಲ್ಲ. ಚಿತ್ರ ತೆಗೆಯಬೇಕಿದ್ದ ಕಾವಲುಗಾರ ಆ ಹೊತ್ತಿಗೆ ಮೂತ್ರವಿಸರ್ಜನೆಗೆ ಹೋಗಿದ್ದ. (ಮನುಷ್ಯಮಾತ್ರನು, ಅದಕ್ಕಾಗಿ ಅವನನ್ನು ದೂರುವುದಿಲ್ಲ. ಒಬ್ಬನನ್ನೇ ನೆಚ್ಚಿದ ವ್ಯವಸ್ಥೆಯನ್ನು ದೂರುತ್ತೇನೆ.) ಮೆನೆಜೆಸ್ ಬಸ್ಸು ಹತ್ತಿದ. ಬ್ರಿಕ್ಸ್ಟನ್ನಿನಲ್ಲಿ ಇಳಿದ, ನಿಲ್ದಾಣ ಮುಚ್ಚಿದ್ದರಿಂದ ಮತ್ತೆ ಅದೇ ಬಸ್ಸು ಹತ್ತಿದ. ಜುಲೈ 7ರ ಬಾಂಬುಗಳಲ್ಲಿ ಒಂದು ಸಿಡಿದದ್ದು ಬಸ್ಸಿನಲ್ಲಿಯೇ! ಅವನು ನಿಜವಾಗಿ ಬಾಂಬಿನವನೆಂದು ನಂಬಿದ್ದರೆ ಬಸ್ಸು ಹತ್ತಲು ಬಿಟ್ಟದ್ದೇಕೆ? ಅಲ್ಲವೆಂದು ತಿಳಿದಿದ್ದರೆ ಕೊಂದದ್ದೇಕೆ? ತಡೆದು ವಿಚಾರಿಸಲು ಅರ್ಧ ಗಂಟೆಯ ಅವಕಾಶವಿತ್ತು. ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಆತ ಕಾರ್ಡು ತೋರಿಸಿ ಒಳಹೊಕ್ಕು, ಪತ್ರಿಕೆಯೊಂದನ್ನೆತ್ತಿಕೊಂಡು, ಕೊನೆಗೆ ನಾವೆಲ್ಲ ಓಡುವಂತೆಯೇ ರೈಲಿಗಾಗಿ ನಾಲ್ಕು ಹೆಜ್ಜೆ ಓಡಿದ. ಡಬ್ಬಿಯೊಳಗೆ ಅವನ ತಲೆಗೆ ಏಳು ಗುಂಡು, ಭುಜಕ್ಕೆ ಒಂದು.

ಗುಂಡು ಹಾರಿಸಿದವರು ತಾವೂ ಸಾಯಬಹುದೆಂದು ನಂಬಿಯೇ ಆ ಡಬ್ಬಿಯನ್ನು ಹೊಕ್ಕವರು. ಅವರ ಧೈರ್ಯವನ್ನು ನಾನು ಹೀಗಳೆಯಲಾರೆ. ಆದರೆ ಆಮೇಲಿನದು? ದಪ್ಪ ಕೋಟು ಧರಿಸಿದ್ದನಂತೆ, ತಡೆಗೇಟು ಹಾರಿದನಂತೆ ಎಂಬ ಮಾತುಗಳು ಹಬ್ಬಿದವು. ತೊಟ್ಟಿದ್ದು ತೆಳ್ಳನೆಯ ಡೆನಿಮ್ ಅಂಗಿ. ಹಾರಿದ್ದು ಏನನ್ನೂ ಅಲ್ಲ. ಸತ್ತವನು ತನ್ನ ಪರವಾಗಿ ಮಾತನಾಡಲಾರನಷ್ಟೆ. 2008ರ ಮರಣ ವಿಚಾರಣೆಯಲ್ಲಿ, "ಸಶಸ್ತ್ರ ಪೊಲೀಸರು" ಎಂದು ಕೂಗಿ ಎಚ್ಚರಿಸಿದ್ದೆವೆಂಬ ಹೇಳಿಕೆಯನ್ನು ಪಂಚರು ಒಪ್ಪಲಿಲ್ಲ. ಅದು ಕಾನೂನುಬಾಹಿರ ಹತ್ಯೆಯೆಂದು ತೀರ್ಮಾನಿಸುವ ಅಧಿಕಾರವನ್ನು ಮಾತ್ರ ಅವರಿಗೆ ಕೊಟ್ಟಿರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಜುಲೈ 29ರಂದು ಗೊನ್ಜಾಗಾದಲ್ಲಿ ಮೆನೆಜೆಸನನ್ನು ಮಣ್ಣು ಮಾಡಿದರು. ಅದೇ ದಿನ ರೋಮ್ ನಗರದಲ್ಲಿ ನಿಜವಾದ ಉಸ್ಮಾನ್ ಜೀವಂತ ಸೆರೆಸಿಕ್ಕ. ನ್ಯಾಯಾಲಯದಲ್ಲಿ ವಿಚಾರಣೆ ನಡೆದು 2007ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅಪರಾಧಿಗೆ ದೊರೆತ ವಿಚಾರಣೆ ನಿರಪರಾಧಿಗೆ ದೊರೆಯಲಿಲ್ಲ. ಬಂಧನ ಅಸಾಧ್ಯವಾಗಿತ್ತೆಂದು ವಾದಿಸುವವರು ಇದಕ್ಕೇನು ಹೇಳುತ್ತಾರೆ?

ಯಾವೊಬ್ಬ ಅಧಿಕಾರಿಯ ಮೇಲೂ ಮೊಕದ್ದಮೆ ನಡೆಯಲಿಲ್ಲ. 2007ರಲ್ಲಿ ಪೊಲೀಸ್ ಪಡೆಗೆ 1,75,000 ಪೌಂಡ್ ದಂಡ ಬಿತ್ತು. ಅದೂ ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆಯ ಕಾಯಿದೆಯಡಿ, ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕಾಗ ಹಾಕುವ ಹಾಗೆ. 2016ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಮೊಕದ್ದಮೆ ಹೂಡದಿದ್ದುದರಲ್ಲಿ ತಪ್ಪಿಲ್ಲವೆಂದಿತು. ಆ ದಿನದ ಕಾರ್ಯಾಚರಣೆಯನ್ನು ನಿರ್ದೇಶಿಸಿದ್ದ ಕ್ರೆಸಿಡಾ ಡಿಕ್ ಅವರಲ್ಲಿ ವೈಯಕ್ತಿಕ ದೋಷವಿಲ್ಲವೆಂದು 2007ರ ಪಂಚರು ಹೇಳಿದ್ದರು. 2017ರಲ್ಲಿ ಅವರು ಅದೇ ಪಡೆಯ ಮುಖ್ಯಸ್ಥರಾದರು.